ಫಕೀರಪ್ಪನಿಗೆ ಕೊಟ್ಟ ಹಾಡು

ನಮ್ಮ ಊರಿನಲ್ಲಿ ಯಾರೂ ಹಾಡನ್ನು ಕೊನೆಯವರೆಗೆ ಹಾಡುವುದಿಲ್ಲ. ಹಾಡಿದರೆ ಅದು ಹೋಗಿಬಿಡುತ್ತದೆ. ಹಾಡಿದವರ ಬಾಯಿಂದಷ್ಟೇ ಅಲ್ಲ, ಕೇಳಿದವರ, ಕೇಳದವರ, ರೇಡಿಯೋದ, ಮೊಬೈಲಿನ ಒಳಗಿಂದಲೂ ಹೋಗುತ್ತದೆ. ಆಮೇಲೆ ಎಷ್ಟು ತಲೆ ಕೆರೆದುಕೊಂಡರೂ ಒಂದು ಸಾಲೂ ಸಿಗುವುದಿಲ್ಲ, ಇಲ್ಲೊಂದು ಹಾಡಿತ್ತು ಎಂಬುದಷ್ಟೇ ನೆನಪಿರುತ್ತದೆ. ಹೊರಗಿನವರಿಗೆ ಹೇಳಿದರೆ ಕಿವಿಯ ಮೇಲೆ ಹೂವಿಡುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನಮಗೇನೂ ಇದು ಕಷ್ಟವಲ್ಲ. ತಾಯಂದಿರು ಜೋಗುಳದ ಕೊನೆಯ ಸಾಲಿಗೆ ಬರುವ ಮೊದಲೇ ತೊಟ್ಟಿಲನ್ನು ಜೋರಾಗಿ ತೂಗಿ ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಶಾಲೆಯಲ್ಲಿ ಪ್ರಾರ್ಥನೆ ಇನ್ನೇನು ಮುಗಿಯಬೇಕು ಎನ್ನುವಾಗ ಹೆಡ್‌ಮಾಸ್ತರರು ಗಂಟೆ ಹೊಡೆಸುತ್ತಾರೆ. ಮದುವೆಯಲ್ಲಿ ಸೋಬಾನೆ ಹಾಡುವವರ ಬಾಯಿಗೆ ಸರಿಯಾದ ಹೊತ್ತಿಗೆ ಸಕ್ಕರೆ ಹಾಕಿ ನಿಲ್ಲಿಸುವುದಕ್ಕೆಂದೇ ಒಬ್ಬ ಹೆಂಗಸನ್ನು ಕೂರಿಸುತ್ತಾರೆ. ಒಮ್ಮೆ ಹೊರಗಿನಿಂದ ಬಂದ ಬಳೆಗಾರನೊಬ್ಬ ಖಾನಾವಳಿಯಲ್ಲಿ ಕೈ ತೊಳೆಯುತ್ತ ಒಂದು ಸಿನಿಮಾ ಹಾಡನ್ನು ಪೂರಾ ಹಾಡಿಬಿಟ್ಟ. ಪಾಪ, ಅವನಿಗೇನು ಗೊತ್ತು. ಊರಿನ ಅರ್ಧ ಜನ ಪ್ರೀತಿ ಮಾಡುವ ವಯಸ್ಸಿನಲ್ಲಿ ಹಾಡಿಕೊಂಡಿದ್ದ ಹಾಡಂತೆ ಅದು. ಆವತ್ತು ಯಾರೂ ಅವನ ಬಳೆ ಕೊಳ್ಳಲಿಲ್ಲ, ಖಾನಾವಳಿಯವರು ರೊಟ್ಟಿಯನ್ನೂ ಹಾಕಲಿಲ್ಲ.

ಬೇಕೆಂದೇ ಹಾಡು ಮುಗಿಸುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಕುಣಿಗೆ ಮಣ್ಣು ಹಾಕುವ ಮೊದಲು ಸತ್ತವರು ಮೆಚ್ಚಿದ ಒಂದು ಹಾಡನ್ನು ಕೊನೆಯವರೆಗೆ ಹಾಡಿ, ಅದನ್ನು ಅವರ ಜೊತೆಗೆ ಕೊಟ್ಟು ಕಳಿಸುತ್ತೇವೆ. ಇದು ತುಳಜವ್ವನ ಮನೆತನದ ಕೆಲಸ. ಊರಿನ ಎಲ್ಲ ಹಾಡುಗಳ ಕೊನೆಯ ಸಾಲು ಅವಳೊಬ್ಬಳಿಗೇ ಗೊತ್ತು. ಹಾಡು ಕೊಡದೆ ಕಳಿಸಿದವರನ್ನು ನಮ್ಮಲ್ಲಿ ಸತ್ತರು ಎನ್ನುವುದಿಲ್ಲ, ಎದ್ದು ಹೋಗಿದ್ದಾರೆ ಎನ್ನುತ್ತೇವೆ. ಎದ್ದು ಹೋದವರು ಯಾವಾಗ ಬೇಕಾದರೂ ಬರಬಹುದಲ್ಲ, ಹಾಗಾಗಿ ಅವರ ಮನೆಯವರು ಪ್ರತಿ ಊಟಕ್ಕೂ ಒಂದು ತಾಟು ಹೆಚ್ಚಿಗೆ ಇಡಬೇಕು. ಹಾಗೆ ತಾಟಿಟ್ಟು ತಾಟಿಟ್ಟು ಒಣಗಿಹೋದ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ.

ಹೀಗೆ ಸತ್ತವರ ಜೊತೆ ಹೋಗಿ ಹೋಗಿ ಊರಿನ ಹಾಡುಗಳು ಕಡಿಮೆಯಾದವು. ಬೀಸುವ ಹಾಡುಗಳು ನನ್ನ ಅಜ್ಜಿಯ ಕಾಲಕ್ಕೇ ಖಾಲಿಯಾಗಿದ್ದವು. ನಾವು ಬರದಿದ್ದರೆ ಈ ಊರು ಮೂಕವಾಗುತ್ತಿತ್ತು. ಜಂಬ ಎಂದರೆ ಜಂಬ, ನಾನು ಇದನ್ನು ಯಾರ ಎದುರಿಗೂ ಹೇಳುತ್ತೇನೆ.

ನಾವು ಅಂದರೆ ಕೂಡುರಸ್ತೆ ಮೇಳ. ನಾನು ದಾಕ್ಷಾಯಣಿ, ಆಟೋಗೆ ಮೈಕು ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯಿತಿ, ಕಳೆದುಹೋದ ಎಮ್ಮೆ, ನಾಳೆ ಹೋಗುವ ಕರೆಂಟು ಇವನ್ನೆಲ್ಲ ಕೂಗಿ ಹೇಳುವವಳು. ಉಸಿರು ಬಿಡದೆ ಇಡೀ ಓಣಿಯ ಸುದ್ದಿ ಹೇಳಿ ಮುಗಿಸುವವಳಿಗೆ ರ‍್ಯಾಪ್ ಯಾರೂ ಕಲಿಸಬೇಕಿರಲಿಲ್ಲ. ಎಸ್ತೆಲಾ ಸರ್ಕಸ್ಸಿನವಳು. ಕೊಲಂಬಿಯಾ, ಕ್ಯೂಬಾ ಎಂದು ಎಲ್ಲೆಲ್ಲಿಯವರನ್ನೋ ಕೂಡಿಸಿಕೊಂಡು ಬಂದಿದ್ದ ಸರ್ಕಸ್ಸು ನಮ್ಮ ಊರಿನಲ್ಲೇ ಮುರಿದುಬಿದ್ದಾಗ ಉಳಿದವರೆಲ್ಲ ಹೊರಟುಹೋದರು, ತಂತಿಯ ಮೇಲೆ ನಡೆಯುತ್ತಿದ್ದ ಇವಳು ಮಾತ್ರ ಇಲ್ಲಿಯ ಮಿರ್ಚಿ ಭಜಿ ಬಿಟ್ಟು ಬರುವುದಿಲ್ಲ ಎಂದು ಉಳಿದಳು. ಈಗ ಬ್ಲೌಸ್ ಹೊಲಿಯುತ್ತಾಳೆ, ನನಗಿಂತ ಚೆನ್ನಾಗಿ ಬೈಯುತ್ತಾಳೆ. ಸರ್ಕಸ್ಸಿನ ಬ್ಯಾಂಡಿನವರು ಬಿಟ್ಟುಹೋದ ಕಾಂಗಾ ಎಂಬ ಉದ್ದನೆಯ ಚರ್ಮವಾದ್ಯಗಳನ್ನು ಅವಳು ಹಲಗೆ ಬಾರಿಸುವ ಮೌಲಾಲಿ ಕಾಕಾನ ಮುಂದೆ ತಂದಿಟ್ಟಳು. ಕಾಕಾ ಅವುಗಳ ಬೆನ್ನು ತಟ್ಟಿ ನೋಡಿ, "ಇವು ನಮ್ಮವ. ಎಲ್ಲೋ ತಪ್ಪಿಸಿಕೊಂಡು ಹೋಗಿದ್ವು" ಎಂದ. ನಾಲ್ಕನೆಯವನು ಫಕೀರಪ್ಪ. ಮದುವೆ ಬ್ಯಾಂಡಿನಲ್ಲಿ ಕೆಂಪು ಕೋಟು ಹಾಕಿಕೊಂಡು ಟ್ರಂಪೆಟ್ ಊದುವವನು. ಗಲ್ಲ ಉಬ್ಬಿಸಿದನೆಂದರೆ ಮದುಮಗನ ಕುದುರೆ ಕೂಡ ತಿರುಗಿ ನೋಡುತ್ತಿತ್ತು.

ಯಾವ ಹಾಡನ್ನೂ ಮುಗಿಸುವಂತಿಲ್ಲ. ಹಾಗೆಂದು ಒಂದನ್ನೇ ತಿರುಗಿಸಿ ಮುರುಗಿಸಿ ಹಾಡುತ್ತಿದ್ದರೆ ಕೇಳುವವರು ಎದ್ದು ಹೋಗುತ್ತಾರೆ. ಹಾಗಾಗಿ ನಾವು ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರೊಳಗೆ ಇಳಿಯುವುದನ್ನು ಕಲಿತೆವು. ನನ್ನ ರ‍್ಯಾಪು ಎಸ್ತೆಲಾ ಹಾಡುವ ಕೊಲಂಬಿಯಾದ ಕುಂಬಿಯಾ ಕುಣಿತದ ಹಾಡಿನೊಳಕ್ಕೆ, ಅದು ಡೊಳ್ಳಿನ ಪದದೊಳಕ್ಕೆ, ಅದು ಕ್ಯೂಬಾದ ಸಾಲ್ಸಾದೊಳಕ್ಕೆ, ಅಲ್ಲಿಂದ ರೇಡಿಯೋದಲ್ಲಿ ಸಿಕ್ಕ ಆಫ್ರಿಕಾದ ಯಾವುದೋ ಕುಣಿತದೊಳಕ್ಕೆ. ದಾಟಿಸುವವನು ಫಕೀರಪ್ಪ. ಹಾಡು ಕೊನೆಗೆ ಬಂತು ಎನ್ನುವಾಗ ಅವನು ಟ್ರಂಪೆಟ್ ಎತ್ತುತ್ತಿದ್ದ. ಅವನ ಆ ಒಂದು ಉಸಿರಿನಲ್ಲಿ ನಾವೆಲ್ಲ ಆಚೆ ದಡ ಸೇರಿರುತ್ತಿದ್ದೆವು. ದೊಡ್ಡ ಊರುಗಳಲ್ಲಿ ಇದಕ್ಕೆ ಏನೇನೋ ಹೆಸರಿಟ್ಟು ಹೊಗಳುತ್ತಾರಂತೆ. ತುಳಜವ್ವ ಮಾತ್ರ ಮೂಗು ಮುರಿದು ಕಲಬೆರಕೆ ಎಂದಳು.

ನನ್ನ ರ‍್ಯಾಪು, ಕುಂಬಿಯಾ, ಹಲಗೆ ಎಲ್ಲ ಕೂಡಿಸಿ ನಾವೇ ಕಟ್ಟಿದ ಒಂದು ಹಾಡು ಎಲ್ಲವನ್ನೂ ಮೀರಿಸಿತು. ಅದರ ತುದಿಗೆ ಬಂದಾಗಲೂ ಫಕೀರಪ್ಪ ಟ್ರಂಪೆಟ್ ಎತ್ತಿ ನಮ್ಮನ್ನು ಸಾಲ್ಸಾಕ್ಕೆ ದಾಟಿಸುತ್ತಿದ್ದ. ಅದಕ್ಕೊಂದು ಹೆಸರಿತ್ತು. ಮೇಳದೊಳಗೆ ನಾವು ಅದನ್ನು ದೊಡ್ಡದು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೇ ಹೇಳುತ್ತೇನೆ. ಗಿರಣಿಯಲ್ಲಿ ಹಿಟ್ಟು ಬೀಳುವವರೆಗೆ ಅದನ್ನೇ ಗುನುಗುತ್ತಿದ್ದರು. ಬಸ್ ಸ್ಟ್ಯಾಂಡಿನ ಹಮಾಲರು ಅದರ ತಾಳಕ್ಕೇ ಚೀಲ ಎತ್ತುತ್ತಿದ್ದರು. ಅದಕ್ಕೆ ಕುಣಿಯದ ಮದುವೆಯನ್ನು ಮದುವೆ ಎಂದೇ ಎಣಿಸುತ್ತಿರಲಿಲ್ಲ. ನಗರದಲ್ಲಿ ನಡೆಯುವ ದೊಡ್ಡ ಸಂಗೀತ ಉತ್ಸವದ ಶ್ರೀಪಾದ ಸರ್ ಯಾರದೋ ಮದುವೆಗೆ ಬಂದವರು ಅದನ್ನು ಕೇಳಿ ಮರುದಿನವೇ ನನ್ನ ಆಟೋ ಅಡ್ಡಗಟ್ಟಿದರು. "ಉತ್ಸವ ನಿಮ್ಮಿಂದಲೇ ಶುರುವಾಗಬೇಕು ಮೇಡಂ. ಆದರೆ ಆ ಹಾಡೇ ಬೇಕು. ಅದಿಲ್ಲದೆ ನೀವು ಬಂದರೂ ನಾನು ವೇದಿಕೆ ಕೊಡಿಸಲಾರೆ" ಎಂದರು. ಫಕೀರಪ್ಪ ಅವತ್ತೇ ಕೆಂಪು ಕೋಟಿಗೆ ಹೊಸ ಗುಂಡಿ ಹಚ್ಚಿಸಲು ಎಸ್ತೆಲಾಳಿಗೆ ಕೊಟ್ಟ.

ಆ ಕೋಟು ಅವಳ ಮಷಿನ್ನಿನ ಮೇಲಿರುವಾಗಲೇ ಫಕೀರಪ್ಪ ಹೋದ. ಮೆರವಣಿಗೆಯ ನಡುವೆ ಚಹಾ ಕುಡಿಯಲು ಕಟ್ಟೆಯ ಮೇಲೆ ಕುಳಿತವನು ಬ್ಯಾಂಡಿನವರು ಕರೆದಾಗ ಏಳಲಿಲ್ಲ. ಟ್ರಂಪೆಟ್ ತೊಡೆಯ ಮೇಲೇ ಇತ್ತು. ಯಾರದೇ ಸಾವಿದ್ದರೂ ಮೈಕಿನಲ್ಲಿ ಹೇಳುವವಳು ನಾನೇ, ಆವತ್ತು ಬಾಯಿ ಬರಲಿಲ್ಲ. ಎಸ್ತೆಲಾ ನನ್ನ ಕೈಯಿಂದ ಮೈಕು ಕಸಿದುಕೊಂಡು ಓಣಿ ಓಣಿಗೂ ಹೇಳುತ್ತ ಬಂದಳು.

ಮನೆಯಲ್ಲಿ ಅವನನ್ನು ಕೂರಿಸಿದ್ದರು. ಹೆಂಡತಿ ಕಾಶವ್ವ ಗೋಡೆಗೆ ಒರಗಿ ಕುಳಿತಿದ್ದಳು. ನಮ್ಮನ್ನು ನೋಡಿದ ಕೂಡಲೇ, "ಬಂದ್ರೇನ? ಅವ್ರಿಗೆ ದೊಡ್ಡದನ್ನ ಕೊಡ್ರಿ" ಎಂದಳು.

"ವೈನಿ, ಅಣ್ಣಗ ಎಷ್ಟೊಂದು ಹಾಡು ಸೇರತಿದ್ವು. ಬ್ಯಾರೆ ಯಾವ್ದರೆ ಒಂದು..." ಎಂದೆ. ನನ್ನ ದನಿ ನನಗೇ ಸೀರೆ ಅಂಗಡಿಯವನ ದನಿಯಂತೆ ಕೇಳಿತು.

"ಅವ್ರು ಕೇಳಿದ್ದು ಅದನ್ನ. ಹೋದ ವರ್ಷ ಜ್ವರ ಬಂದು ಮಲಗಿದಾಗ ಹೇಳಿದ್ರು. ನಾನು ಬೈದೆ. ಅಷ್ಟು ದೊಡ್ಡದು ನಿಮಗ್ಯಾಕ ಬೇಕು, ಸಣ್ಣದೊಂದು ತಗೊಂಡು ಹೋಗ್ರಿ ಅಂದೆ." ಕಾಶವ್ವ ಅಳುತ್ತಲೇ ನಕ್ಕಳು. "ಕೇಳೂ ಮನಿಶಾ ಏನವ್ವ ಅವ್ರು?"

ಮೌಲಾಲಿ ಕಾಕಾ ನಮ್ಮನ್ನು ಹಿತ್ತಲಿಗೆ ಕರೆದೊಯ್ದ. ಅವನ ಕಣ್ಣು ಕೆಂಪಾಗಿದ್ದವು. "ಅದೊಂದ ಹಾಡಿನ ಮ್ಯಾಲೆ ನಾವು ನಿಂತೀವಿ. ಅದು ಹೋದ್ರ ಉತ್ಸವ ಇಲ್ಲ, ಏನೂ ಇಲ್ಲ. ಮತ್ತ ಮದುವಿ ಮನಿ ಮುಂದ ಹಲಗಿ ಬಡೀಬೇಕು. ಫಕ್ಕೀರ್ಯಾ ಇದ್ದಿದ್ರ ಅವನ ಬ್ಯಾಡ ಅಂತಿದ್ದ" ಎಂದ.

"ಇದ್ದಿದ್ರ ಕೊಡೂ ಮಾತ ಬರ್ತಿರಲಿಲ್ಲಲ್ಲ ಕಾಕಾ" ಎಂದಳು ಎಸ್ತೆಲಾ.

ಅಷ್ಟರಲ್ಲಿ ಊರವರೂ ಬಂದರು, ಅಳುವುದಕ್ಕೆ ಬಂದವರು ಬೇಡಿಕೊಳ್ಳುವುದಕ್ಕೆ ಶುರುಮಾಡಿದರು. ಗಿರಣಿಯ ಶೇಖಪ್ಪ ಕೈ ಮುಗಿದು, "ತಾಯಿ, ನಮ್ಮ ಹುಡುಗನ ಮದುವಿ ಇನ್ನೂ ಆಗಿಲ್ಲ. ಅದೊಂದು ಆಗಲಿ, ಆಮ್ಯಾಲೆ ಯಾರಿಗೆ ಬೇಕಾದ್ರೂ ಕೊಡ್ರಿ" ಎಂದ. ತುಳಜವ್ವ ಕೋಲೂರಿಕೊಂಡು ಬಂದವಳು ಅಂಗಳದಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು. "ನೀವು ಕೊಡ್ತೀನಿ ಅಂದ್ರೂ ನಾ ಹಾಡೂದಿಲ್ಲ. ಆ ಕಲಬೆರಕಿಗೆ ಕೊನೀ ಸಾಲು ಎಲ್ಲೈತಿ? ಕೊನೀ ಸಾಲು ಇಲ್ಲದ್ದನ್ನ ಕೊಡಾಕ ಬರೂದಿಲ್ಲ."

ನಿಜ ಹೇಳಬೇಕೆಂದರೆ ನನಗೆ ಆ ಗಳಿಗೆಯಲ್ಲಿ ಹಾಯೆನಿಸಿತು. ಕೊಡಲು ಬರುವುದಿಲ್ಲವಂತೆ, ಮುಗಿಯಿತಲ್ಲ. ಆದರೆ ನೀರು ಕುಡಿಯಲು ಒಳಗೆ ಹೋದಾಗ ಪಕ್ಕದ ಮನೆಯ ಹೆಂಗಸೊಬ್ಬಳು ಕಪಾಟಿನಿಂದ ಒಂದು ಹೊಸ ತಾಟು ತೆಗೆದು ತೊಳೆಯುತ್ತಿದ್ದಳು. ಯಾಕೆ ಎಂದು ಕೇಳಿದೆ. "ಕಾಶವ್ವಗ ಬೇಕಾಗ್ತೈತಲ್ಲ ಇನ್ನ ದಿನಾ" ಎಂದಳು, ಬಹಳ ಸಹಜವಾಗಿ. ಕಾಶವ್ವ ಅಲ್ಲಿಂದಲೇ ಆ ತಾಟನ್ನು ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಮೈಕಿಲ್ಲದೆಯೇ ಇಡೀ ಓಣಿಗೆ ಕೇಳುವಂತೆ ಹೇಳಿದೆ. "ದೊಡ್ಡದನ್ನ ಕೊಡ್ತೀವಿ. ಕೊನೀ ಸಾಲು ನಾ ಬರೀತೀನಿ. ಯಾರಿಗರೆ ಕುಣಿಯೂದಿದ್ರ ಇವತ್ತ ಕುಣೀರಿ."

ಆಟೋದಲ್ಲಿ ಕುಳಿತು ಬರೆದೆ. ಒಳ್ಳೆಯ ಸಾಲುಗಳೇ ಬಂದವು. ನಾನು ಕೆಟ್ಟ ಸಾಲು ಬರೆಯುವವಳಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ರುದ್ರಭೂಮಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಕೇಳಿ ಶ್ರೀಪಾದ ಸರ್ ಕಾರಿನಲ್ಲಿ ಬಂದು ಬೇವಿನ ಮರದ ಕೆಳಗೆ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. ಫಕೀರಪ್ಪನನ್ನು ಕುಣಿಯಲ್ಲಿ ಕೂರಿಸಿದರು. ಹೊಸ ಗುಂಡಿಯ ಕೋಟನ್ನು ಎಸ್ತೆಲಾ ತಾನೇ ತೊಡಿಸಿದ್ದಳು. ಮೌಲಾಲಿ ಕಾಕಾ ಕಾಂಗಾದ ಮುಂದೆ ಕುಳಿತ. ಶುರುಮಾಡಿದೆವು. ದೊಡ್ಡದು ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಅಳುತ್ತಿದ್ದವರ ಕಾಲುಗಳೂ ಅಲ್ಲಾಡುತ್ತಿದ್ದವು. ನಾನು ಬರೆದ ಕೊನೆಯ ಸಾಲುಗಳನ್ನು ಒಂದು ಅಕ್ಷರ ಜಾರದಂತೆ ಹೇಳಿದೆ. ಕಡೆಯ ಮಾತು ಇನ್ನೂ ನನ್ನ ನಾಲಿಗೆಯ ಮೇಲಿರುವಾಗ ಕಾಕಾನ ಕೈ ಮುಂದಿನ ತಾಳಕ್ಕೆ ಹೊರಳಿತು. ಎಸ್ತೆಲಾ ಅದನ್ನು ಹಿಡಿದುಕೊಂಡಳು. ನಾನೂ ಹಿಂದೆಮುಂದೆ ನೋಡದೆ ಅವರ ಹಿಂದೆ ಹೋದೆ. ವರ್ಷಗಟ್ಟಲೆ ಮಾಡಿದ್ದೇ ಅದು. ನಾವು ಒಳ್ಳೆ ಸಾಲ್ಸಾದ ನಡುವೆ ಇದ್ದೆವು, ಹಿಂದಿನ ಸಾಲಿನ ಹುಡುಗರು ಸಿಳ್ಳೆ ಹಾಕಿದರು, ಆಗ ಕಾಶವ್ವ ಎದ್ದು ನಿಂತಳು.

"ನಿಲ್ಲಸ್ರಿ!" ಎಂದಳು. "ಏನ್ ಮಾಡಾಕತ್ತೀರಿ ನೀವು? ನನ್ನ ಗಂಡನ್ನ ಅರ್ಧಕ್ಕ ಬಿಟ್ಟು ಎಲ್ಲಿಗೆ ಹೊಂಟೀರಿ?"

ಕಾಕಾ ತನ್ನ ಕೈಗಳನ್ನೇ ನೋಡಿಕೊಂಡ. ಶೇಖಪ್ಪ ತಡೆಯಲಾರದೆ ದೊಡ್ಡದರ ಮೊದಲ ಸಾಲನ್ನು ಮೆಲ್ಲಗೆ ಗುನುಗಿ ನೋಡಿದ. ಅದು ಇನ್ನೂ ಇತ್ತು. ಜನರ ಮುಖದಲ್ಲಿ ಸಮಾಧಾನ ಕಂಡಿತು, ಆಮೇಲೆ ಆ ಸಮಾಧಾನಕ್ಕೆ ಅವರೇ ನಾಚಿಕೊಂಡು ತಲೆ ತಗ್ಗಿಸಿದರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬೇಕಾದ್ದನ್ನೆಲ್ಲ ಹಾಡಬಲ್ಲೆವು ಎಂದು ಎದೆ ತಟ್ಟಿಕೊಂಡು ತಿರುಗುತ್ತಿದ್ದ ನಮಗೆ ನಿಲ್ಲಿಸಲು ಬರುತ್ತಿರಲಿಲ್ಲ.

ತುಳಜವ್ವ ಕೋಲೂರಿಕೊಂಡು ಮುಂದೆ ಬಂದಳು. ಚುಚ್ಚುತ್ತಾಳೆ ಎಂದು ನಾನು ಸಿದ್ಧಳಾಗಿ ನಿಂತೆ. ಅವಳು ಕಾಶವ್ವನ ತಲೆ ಸವರಿ ನನ್ನ ಕಡೆ ತಿರುಗಿದಳು. "ದಾಕ್ಷಿ, ನಾ ಸತ್ತಾಗ ನನಗ ಅಂತ ಒಂದು ಹಾಡು ಎತ್ತಿ ಇಟ್ಟೀನಿ. ನಮ್ಮವ್ವ ಕೊಟ್ಟಿದ್ದು. ಯಾರ ಮುಂದೂ ಹಾಡಿಲ್ಲ. ಇವಗ ಕೊಡ್ತೀನಿ ತಗೊ. ನಿಮ್ಮ ದೊಡ್ಡದು ನಿಮಗ ಉಳೀಲಿ. ಅದು ಇಲ್ಲದಿದ್ರ ಊರು ಬಣಬಣ ಅಂತೈತಿ. ನಾನೂ ಭಾಂಡೆ ತಿಕ್ಕುವಾಗ ಅದನ್ನ ಹಾಡ್ತೀನಿ."

ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಮುದುಕಿ ತನಗೆಂದು ಇಟ್ಟುಕೊಂಡಿದ್ದನ್ನು ನಮ್ಮವನಿಗೆ ಕೊಡುತ್ತೇನೆ ಎನ್ನುತ್ತಿದ್ದಳು. ತಗೊಂಡುಬಿಡು ಎಂದು ಕಾಕಾನ ಕಣ್ಣು ನನ್ನನ್ನು ಬೇಡುತ್ತಿದ್ದವು. ಬೇವಿನ ಮರದ ಕೆಳಗೆ ಶ್ರೀಪಾದ ಸರ್ ಜೋರಾಗಿ ತಲೆಯಾಡಿಸುತ್ತಿದ್ದರು. ಕಾಶವ್ವ ಕುಣಿಯ ಕಡೆ ನೋಡುತ್ತಿದ್ದಳು. ಒಪ್ಪಿಕೊಂಡರೆ ಎಲ್ಲವೂ ನಮಗೇ ಉಳಿಯುತ್ತಿತ್ತು, ಹಾಡು, ಉತ್ಸವ, ಹೆಸರು. ಬೇಕು ಎನಿಸಿತು. ಬಹಳವೇ ಬೇಕು ಎನಿಸಿತು. ಆದರೆ ಫಕೀರಪ್ಪ ತನಗೆ ಗೊತ್ತೇ ಇಲ್ಲದ ಹಾಡೊಂದನ್ನು ಬಗಲಲ್ಲಿ ಇಟ್ಟುಕೊಂಡು, ಮಾತಾಡದೆ, ಬೇರೆಯವರ ಅಂಗಿ ತೊಟ್ಟವನಂತೆ ಹೋಗುವುದನ್ನು ನೆನೆಸಿಕೊಂಡೆ.

"ಬ್ಯಾಡ ಯವ್ವಾ" ಎಂದೆ. "ಅದು ನಿಂದು, ನಿನಗ ಇರಲಿ. ಇದು ಅವಂದು."

ಮತ್ತೆ ಕುಳಿತೆವು. ನಾನು ಬರೆದದ್ದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎಲ್ಲಿ ತಪ್ಪಿತೆಂದು ಈಗ ನನಗೆ ಸ್ಪಷ್ಟವಾಗಿತ್ತು. ನಾನು ಹೊಸ ಸಾಲುಗಳನ್ನು ಹೇಳಿದ್ದು ಫಕೀರಪ್ಪನ ಜಾಗದಲ್ಲಿ. ನನ್ನ ಮಾತಿನ ಮೇಲೆ ಕಾಕಾ ಕೈಯಾಡಿಸಿದ್ದೂ ಅಲ್ಲೇ. ಆ ಜಾಗ ಖಾಲಿ ಬಿಡಲು ನಮಗೆ ಭಯ, ಅದಕ್ಕೇ ಇಬ್ಬರೂ ಅಲ್ಲಿಗೆ ನುಗ್ಗಿ ತುಂಬಿದ್ದೆವು. "ಕಾಕಾ, ಎಸ್ತೆಲಾ, ಕೇಳ್ರಿ. ಅಣ್ಣ ಊದೂ ಜಾಗ ಬಂದಾಗ ಯಾರೂ ಒಳಗ ಬರಬ್ಯಾಡ್ರಿ. ನಾನೂ ಬರೂದಿಲ್ಲ. ಅದನ್ನ ಅವಗ ಬಿಡೂನು" ಎಂದೆ.

"ನನ್ನ ಕೈ ಕೇಳೂದಿಲ್ಲವ್ವ" ಎಂದ ಕಾಕಾ.

"ಕೇಳಸ್ರಿ ಕಾಕಾ. ಇವತ್ತೊಂದಿನ ಕೇಳಸ್ರಿ."

ಎರಡನೇ ಸಲ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ. ಎಸ್ತೆಲಾಳ ಸ್ವರ ಒಂದೆರಡು ಕಡೆ ಹತ್ತಲಿಲ್ಲ. ಆದರೂ ನಿಲ್ಲಲಿಲ್ಲ. ಪದದಿಂದ ಪದಕ್ಕೆ ಹೋದೆವು, ರ‍್ಯಾಪು ಬಂತು, ಕುಂಬಿಯಾ ಬಂತು, ಕಾಂಗಾದೊಳಗಿಂದ ಹಲಗೆಯ ಪೆಟ್ಟು ಬಂತು, ಎಲ್ಲ ಕೂಡಿ ಏರಿ ಏರಿ ಆ ಜಾಗಕ್ಕೆ ಬಂದು ನಿಂತವು. ಅಲ್ಲಿ ಫಕೀರಪ್ಪ ಟ್ರಂಪೆಟ್ ಎತ್ತಬೇಕು. ಮೌಲಾಲಿ ಕಾಕಾ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. ಎಸ್ತೆಲಾ ತುಟಿ ಕಚ್ಚಿಕೊಂಡಳು. ನಾವೆಲ್ಲ ಕಾದೆವು. ಅವನ ಒಂದು ಉಸಿರು ಎಷ್ಟು ಉದ್ದವೋ ಅಷ್ಟೂ ಹೊತ್ತು ಇಡೀ ಊರು ಕಾದು ನಿಂತಿತು. ಬೇವಿನ ಮರದಲ್ಲಿ ಒಂದು ಕಾಗೆ ಕೂಗಿತು, ಅಷ್ಟೇ. ಯಾರೂ ಊದಲಿಲ್ಲ.

ಹಾಡು ಹೋಯಿತು. ಹೋದದ್ದು ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಹುಡುಗರು ಬಾಯಿ ತೆರೆದು ಮುಚ್ಚಿದರು. ಶೇಖಪ್ಪ ಗುನುಗಲು ಹೋಗಿ, ಏನನ್ನೋ ಮರೆತು ಬಂದವನಂತೆ ಜೇಬು ಮುಟ್ಟಿಕೊಂಡ. ನನ್ನದೇ ಸಾಲುಗಳನ್ನು ನಾನು ಹುಡುಕಿದೆ, ಒಂದೂ ಇರಲಿಲ್ಲ. ಸೊಂಟದ ಚೀಟಿ ಬಿಚ್ಚಿ ನೋಡಿದೆ, ನನ್ನ ಅಕ್ಷರಗಳಿದ್ದವು, ಯಾವುದಕ್ಕೆ ಬರೆದದ್ದೆಂದು ತಿಳಿಯಲಿಲ್ಲ. ಬಹಳ ದುಃಖವಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ, ಅಲ್ಲೇ ನಿಂತು ಅತ್ತೆ.

ಶ್ರೀಪಾದ ಸರ್ ಹತ್ತಿರ ಬಂದರು. ಹಣೆ ಉಜ್ಜಿಕೊಳ್ಳುತ್ತಿದ್ದರು. "ಮೇಡಂ, ಉತ್ಸವಕ್ಕೆ ನೀವೊಂದು ಹಾಡು... ಯಾವುದೋ ಅಂದಿದ್ದೆವಲ್ಲ, ಯಾವುದು ಅದು?"

"ಇನ್ನೂ ಮಾಡಿಲ್ರಿ" ಎಂದೆ, ಸೆರಗಿನಿಂದ ಮೂಗು ಒರೆಸಿಕೊಂಡು. "ಮಾಡ್ತೀವಿ. ನೀವು ವೇದಿಕೆ ಗಟ್ಟಿ ಕಟ್ಟಸ್ರಿ."

ಕಾಶವ್ವ ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಸಾಲಾಗಿ ಎಲ್ಲರೂ ಹಾಕಿದರು. ಕಾಕಾ ಹಾಕಿ ತಿರುಗಿ ನೋಡದೆ ಹೊರಟ. ಜನ ಕರಗಿದ ಮೇಲೆ ಕಾಶವ್ವ ನನ್ನ ಪಕ್ಕಕ್ಕೆ ಬಂದು ನಿಂತಳು. ಅವಳ ಮುಖ ಬೆಳಿಗ್ಗೆಗಿಂತ ಹಗುರಾಗಿತ್ತು, ಕಣ್ಣು ಮಾತ್ರ ಏನನ್ನೋ ಅರಸುತ್ತಿದ್ದವು.

"ದಾಕ್ಷಿ, ಅವ್ರಿಗೆ ಕೊಟ್ರಲ್ಲ, ಅದು ಹೆಂಗಿತ್ತು?"

"ಚಲೋ ಇತ್ತು ವೈನಿ" ಎಂದೆ.

ಕಾಶವ್ವ ಕೈಗಳನ್ನು ಒಂದಕ್ಕೊಂದು ಉಜ್ಜಿ ಹತ್ತಿದ ಮಣ್ಣನ್ನು ಉದುರಿಸಿದಳು. "ಹೌದು" ಎಂದಳು, "ಚಲೋ ಇದ್ರು."